ಮಾರ್ಥಾಬಾಯಿ ಕೇಳಿದ ಸಮಾಧಾನ

ಮಶೀನಿನ ಎಣ್ಣೆಯ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಅಡುಗೆ ಎಣ್ಣೆ ಕಮಟು ಹಿಡಿದ ಹಾಗಲ್ಲ, ಸೀಮೆಎಣ್ಣೆಯ ಹಾಗೂ ಅಲ್ಲ. ಕಬ್ಬಿಣಕ್ಕೆ ಬೆವರು ಬಂದರೆ ಹೇಗೆ ನಾರಬಹುದೋ ಹಾಗೆ. ಎಷ್ಟು ಸಾಬೂನು ಹಚ್ಚಿ ತಿಕ್ಕಿದರೂ ಕೈಯಿಂದ ಹೋಗುವುದಿಲ್ಲ, ತಿನ್ನುವ ರೊಟ್ಟಿಯಲ್ಲೂ ಅದೇ ನಾತ ಎಂದು ಮಚ್ಛೆಯ ಕಾರ್ಖಾನೆಗಳಿಗೆ ಹೋಗುವ ಗಂಡಸರು ಹೇಳುತ್ತಾರೆ. ಈ ಬೇಸಿಗೆಯಲ್ಲಿ ಒಂದು ದಿನ, ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ಬಸ್ಸಿನಲ್ಲಿ, ಮಚ್ಛೆಯ ಸ್ಟಾಪಿನಲ್ಲಿ ಆ ವಾಸನೆ ಹತ್ತಿ ಬಂದು ನನ್ನ ಬಾಜುವಿಗೆ ಕುಳಿತಿತು.

ಆ ದಿನ ನಾನು ಹೊರಟದ್ದು ನನ್ನ ಹಳೆಯ ಉದ್ಯೋಗಕ್ಕೆ. ಸಂಬಳದ ಉದ್ಯೋಗವಲ್ಲ. ಖಾನಾಪುರದಲ್ಲಿ ನಮ್ಮ ಚರ್ಚಿನ ಸಭೆಯವರಾದ ಅಕ್ಕತಂಗಿ ಇಬ್ಬರು, ನಡುವಿನ ಗೋಡೆಗೆ ಸುಣ್ಣ ಯಾರು ಹಚ್ಚಬೇಕೆಂದು ಜಗಳಾಡಿ, ಆರು ತಿಂಗಳಿಂದ ಮಾತು ಬಿಟ್ಟಿದ್ದರು. ಅವರನ್ನು ಕೂಡಿಸಲು ನನ್ನನ್ನು ಕರೆದಿದ್ದರು. ನನ್ನ ಚೀಲದಲ್ಲಿ ಎರಡು ಡಬ್ಬಿ ಕುಂದಾ ಇತ್ತು, ಅಕ್ಕನಿಗೊಂದು ತಂಗಿಗೊಂದು. ಒಂದೇ ಅಂಗಡಿಯದು, ಒಂದೇ ತೂಕದ್ದು. ಒಂದು ಡಬ್ಬಿ ಕೊಂಚ ದೊಡ್ಡದಾಗಿ ಕಂಡರೆ ಅದೇ ಹೊಸ ಜಗಳ. ಇಂಥ ಸೂಕ್ಷ್ಮಗಳೆಲ್ಲ ನನಗೆ ಬಾಯಿಪಾಠವಾಗಿದ್ದವು.

ಬಾಜುವಿಗೆ ಕುಳಿತವನು ನಲವತ್ತು ದಾಟಿದ ಗಂಡಸು. ಬಲಗೈಗೆ ಟವೆಲ್ ಸುತ್ತಿಕೊಂಡಿದ್ದ. ಕಂಡಕ್ಟರ್ ಬಂದಾಗ ನನ್ನ ಕಡೆ ತಿರುಗಿದ.

"ಆಯಿ, ಅಂಗಿ ಖಿಸೆದಾಗ ಪಾಸ್ ಐತಿ. ಜರಾ ತಗದ ತೋರಸ್ರಿ."

ತೆಗೆದು ತೋರಿಸಿದೆ. ಬಸ್ಸು ಕುಲುಕಿತು, ಟವೆಲ್ ಜಾರಿತು. ಆ ಕೈಯಲ್ಲಿ ಹೆಬ್ಬೆರಳೊಂದೇ ಇತ್ತು. ಉಳಿದ ಕಡೆ ಹೊಸ ಚರ್ಮ, ಕೂಸಿನ ಅಂಗಾಲಿನಂತೆ ಗುಲಾಬಿ. ನಾನು ಇಂಥದ್ದನ್ನು ಕಂಡು ಮುಖ ತಿರುಗಿಸುವ ಜಾತಿಯವಳಲ್ಲ.

"ಪ್ರೆಸ್ಸಿನ್ಯಾಗ ಹೋತೇನಪಾ?"

"ಹೂಂ ಆಯಿ. ಈಗ ಎಡಗೈಲೆ ಮಶೀನ ಒರಸೂ ಕೆಲಸಾ ಕೊಟ್ಟಾರ."

"ಜಾಳಿ ಇರಲಿಲ್ಲೇನು?"

ಅವನು ನನ್ನನ್ನು ನೋಡಿದ. ಈ ಮುದುಕಿಗೆ ಜಾಳಿಯ ವಿಷಯ ಹೇಗೆ ಗೊತ್ತು ಎಂಬಂತೆ.

"ನಾ ಕೆಲಸಕ್ಕ ಸೇರೂಕಿಂತ ಮದಲಽ ಇರಲಿಲ್ಲರಿ ಅದು. ಗ್ವಾಡಿಗೆ ಆನಿಸಿ ಇಟ್ಟಿದ್ರು. ಅದರ ಮ್ಯಾಲೆ ನಾವು ಅಂಗಿ ಒಣಾ ಹಾಕ್ತಿದ್ವಿ. ಕೈ ಹೋದಮ್ಯಾಲೆ, ನಾನಽ ಬಿಚ್ಚಿದೆ ಅಂತ ಬರಕೊಂಡಾರ."

ಯಾವ ಕಾರ್ಖಾನೆ ಎಂದು ಕೇಳಿದೆ. ಹೇಳಿದ. ನಾನು ಹೆದರಿದ್ದ ಹೆಸರೇ ಅದು. ಅದನ್ನು ಇಲ್ಲಿ ಬರೆಯುವುದಿಲ್ಲ. ಚೀಲದಲ್ಲಿದ್ದ ಕುಂದಾ ಕಲ್ಲಿನಷ್ಟು ಭಾರವೆನಿಸಿತು ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಹಾಗೇನೂ ಆಗಲಿಲ್ಲ. ಉಚ್ಚೆಗೆ ಅವಸರವಾಯಿತು. ನನಗೆ ಹೆದರಿಕೆಯಾದಾಗ ಆಗುವುದು ಅಷ್ಟೇ.

ಜಾಳಿ ಎಂದರೇನು ಎಂದು ಹೇಳಿಬಿಡುತ್ತೇನೆ. ತಗಡನ್ನು ಅಚ್ಚಿಗಿಟ್ಟು ಒತ್ತುವ ದೊಡ್ಡ ಮಶೀನಿಗೆ ಪ್ರೆಸ್ ಎನ್ನುತ್ತಾರೆ. ಅದರ ಬಾಯಿಗೆ ಕಬ್ಬಿಣದ ಬಲೆಯ ಬಾಗಿಲು ಇರುತ್ತದೆ. ಮನುಷ್ಯನ ಕೈ ಒಳಗೆ ಹೋಗದಂತೆ, ಒಳಗಿನ ಅಚ್ಚು ಸಿಡಿದರೆ ಹೊರಗೆ ಬರದಂತೆ. ಅದೇ ಜಾಳಿ. ಒಂದೊಂದು ತಗಡಿಗೂ ಅದನ್ನು ತೆರೆದು ಮುಚ್ಚಬೇಕು. ಬಿಚ್ಚಿಟ್ಟರೆ ಕೆಲಸ ಬೇಗ ಆಗುತ್ತದೆ. ಇಷ್ಟು ನನಗೆ ಕಲಿಸಿದವಳು ಮಾರ್ಥಾಬಾಯಿ. ಆಕೆಗೆ ಕಲಿಸಿದ್ದು ಆಕೆಯ ಮಗನ ಸಾವು.

ಮೊದಲು ನನ್ನ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ನಿಮಗೆ ತಿಳಿಯುವುದಿಲ್ಲ. ನಾನು ಹುಟ್ಟಿದ್ದು ಖಾನಾಪುರದಲ್ಲಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ನಾಲ್ಕನೆಯ ಇಯತ್ತೆಗೆ ಸಾಲಿ ಮುಗಿಯಿತು. ಮದುವೆಯಾಗಿ ಬೆಳಗಾವಿಯ ಕ್ಯಾಂಪಿಗೆ ಬಂದೆ, ಇಲ್ಲಿನ ಕನ್ನಡ ಸಭೆಗೆ ಸೇರಿದೆ. ಎರಡೂ ಭಾಷೆ ಬರುವ, ಯಾರ ಮನೆಗಾದರೂ ಕರೆಯದೆ ನುಗ್ಗುವ ಹೆಂಗಸು ಸಭೆಗೆ ಬೇಕಾಗುತ್ತಾಳೆ. ನಮ್ಮಲ್ಲಿ ತಿಂಗಳ ಮೊದಲ ರವಿವಾರ ಕರ್ತನ ಭೋಜನ. ಯಾರೊಂದಿಗಾದರೂ ಜಗಳವಿದ್ದರೆ ಮೊದಲು ಅದನ್ನು ಮುಗಿಸಿ ಬಾ, ಆಮೇಲೆ ರೊಟ್ಟಿ ಮುರಿ, ದ್ರಾಕ್ಷಾರಸದ ಪಾತ್ರೆಗೆ ಬಾಯಿ ಹಚ್ಚು ಎಂಬುದು ನಿಯಮ. ಹಾಗಾಗಿ ಪ್ರತಿ ತಿಂಗಳ ಕೊನೆಯ ವಾರ ನನಗೆ ಸುಗ್ಗಿ. ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆಂದು ನೋಡಿ, ಮನೆ ಮನೆ ತಿರುಗಿ ಕೂಡಿಸುತ್ತಿದ್ದೆ. ಸಮಾಧಾನದ ಅಕ್ಕಾರ ಎಂದು ಹೆಸರು ಬಿತ್ತು. ಸಮಾಧಾನ ಮಾಡುವವರಿಗೆ ದೇವರ ಮಕ್ಕಳೆಂಬ ಹೆಸರು ಸಿಗುತ್ತದೆ ಎಂದು ಪಾಸ್ಟರ್ ಪ್ರಸಂಗದಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರು ನನ್ನ ಬೆನ್ನು ನೋಡುತ್ತಾರೆಂದು ನನಗೆ ಗೊತ್ತಿತ್ತು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದೆ.

ನನ್ನ ವಿದ್ಯೆ ದೊಡ್ಡದೇನಲ್ಲ. ಜಗಳವಾಡಿದ ಇಬ್ಬರನ್ನು ಎದುರಾಬದುರು ಕೂರಿಸಬಾರದು. ಮೊದಲು ಒಬ್ಬಳ ಅಡುಗೆಮನೆಯಲ್ಲಿ ಕುಳಿತು ಆಕೆ ಹೇಳಿದ್ದನ್ನೆಲ್ಲ ಕೇಳಬೇಕು. ಚಹಾ ಸೋಸುವಂತೆ ಆ ಮಾತನ್ನು ಸೋಸಬೇಕು. ಚರಟ ನನ್ನ ಹತ್ತಿರ ಉಳಿಯಬೇಕು, ಚಹಾ ಮಾತ್ರ ಇನ್ನೊಬ್ಬಳಿಗೆ ಹೋಗಬೇಕು. ಖಾಸಬಾಗದಲ್ಲಿ ಒಬ್ಬಳು ತನ್ನ ನೆಗೆಣ್ಣಿಯ ಬಗ್ಗೆ, "ದಿನಾ ಮುಂಜಾನೆದ್ದು ಆಕಿ ನೆನಪಾಗ್ತಾಳ್ರಿ, ಆಕಿ ಬಾಯಾಗ ಹುಳಾ ಬೀಳಲಿ" ಎಂದಳು. ನಾನು ನೆಗೆಣ್ಣಿಯ ಮನೆಗೆ ಹೋಗಿ, "ದಿನಾ ಮುಂಜಾನೆದ್ದು ನಿನ್ನ ನೆನಸ್ತಾಳವಾ ಆಕಿ" ಎಂದೆ. ಸುಳ್ಳೇನು ಅದು? ಅರ್ಧ ಸತ್ಯವಂತೂ ಹೌದು. ಆ ನೆಗೆಣ್ಣಿ ಸೆರಗು ಕಣ್ಣಿಗೆ ಒತ್ತಿಕೊಂಡು ಓಡಿದಳು, ಇಬ್ಬರೂ ತಬ್ಬಿಕೊಂಡು ಅತ್ತರು, ನನಗೆ ಉಪ್ಪಿಟ್ಟು ಸಿಕ್ಕಿತು. ಹೀಗೆ ಮೂವತ್ತು ವರ್ಷ ನಡೆಯಿತು. ಯಾವ ಜಗಳದಲ್ಲಿ ಯಾರದು ತಪ್ಪು ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಕೇಳುವುದು ನನ್ನ ಕೆಲಸ ಎಂದು ನನಗೆ ಹೊಳೆಯಲೂ ಇಲ್ಲ.

ಮಾರ್ಥಾಬಾಯಿ ಖಾನಾಪುರದವಳು. ನನ್ನ ತವರುಮನೆಯ ಹಿಂದಿನ ಓಣಿ, ರೇಲ್ವೆ ಸ್ಟೇಶನ್ನಿನ ಕಡೆ. ನನಗಿಂತ ಹದಿನೈದು ವರ್ಷ ಸಣ್ಣವಳು. ಗಂಡ ಬೇಗ ತೀರಿಕೊಂಡ. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತು ಒಬ್ಬನೇ ಮಗನನ್ನು ಬೆಳೆಸಿದಳು. ಹೆಸರು ಪ್ರಕಾಶ. ಅವನಿಗೆ ಮಚ್ಛೆಯಲ್ಲಿ ಕೆಲಸ ಕೊಡಿಸಿದವನು ನಮ್ಮ ಸಭೆಯ ಯೋಸೇಫ, ಆ ಕಾರ್ಖಾನೆಯ ಸೂಪರ್‌ವೈಸರ್. ಯೋಸೇಫ ಸಭೆಯ ಹಿರಿಯರಲ್ಲಿ ಒಬ್ಬ. ಕಾಣಿಕೆಯ ಚೀಲ ಹಿಡಿದು ಬೆಂಚಿನ ಸಾಲಿನಲ್ಲಿ ಬರುವವನು ಅವನೇ. ಕೆಟ್ಟ ಮನುಷ್ಯ ಎಂದು ನಾನು ಹೇಳುವುದಿಲ್ಲ. ಅವನು ನನಗೆ ನೆಂಟನೂ ಅಲ್ಲ, ಆ ನೆಪವೂ ನನಗಿಲ್ಲ. ಪ್ರಕಾಶ ನಮ್ಮ ಸಭೆಗೇ ಬರತೊಡಗಿದ. ತಿಂಗಳ ಮೊದಲ ರವಿವಾರ ತಾಯಿಯೂ ಖಾನಾಪುರದಿಂದ ಬಂದು ಮಗನ ಬಾಜುವಿಗೆ ಕೂರುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಒಂದು ಸೋಮವಾರ ಪ್ರೆಸ್ಸಿನೊಳಗೆ ಅಚ್ಚು ಒಡೆಯಿತು. ಅದರ ಚೂರು ಸಿಡಿದು ಪ್ರಕಾಶನ ಕುತ್ತಿಗೆಗೆ ಹೊಕ್ಕಿತು. ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ಮುಗಿದಿತ್ತು. ಇಪ್ಪತ್ನಾಲ್ಕು ವಯಸ್ಸು. ಜಾಳಿ ಇದ್ದಿದ್ದರೆ ಆ ಚೂರು ಅದಕ್ಕೆ ಬಡಿದು ಕೆಳಗೆ ಬೀಳುತ್ತಿತ್ತು. ಜಾಳಿ ಇರಲಿಲ್ಲ. ಹುಡುಗ ತಾನೇ ಬಿಚ್ಚಿಕೊಂಡಿದ್ದ ಎಂದು ಕಾರ್ಖಾನೆಯವರು ಬರೆದರು. ಯೋಸೇಫ ಹಾಗೆಯೇ ಹೇಳಿಕೆ ಕೊಟ್ಟ.

ಮಣ್ಣು ಕೊಟ್ಟು ಬಂದ ಮೇಲೆ ಜನ ಏನು ಮಾತಾಡುತ್ತಾರೆಂದು ನಿಮಗೆ ಹೇಳಬೇಕಾಗಿಲ್ಲ. ಈಗಿನ ಹುಡುಗರಿಗೆ ಅವಸರ, ಹೇಳಿದರೆ ಕೇಳುವುದಿಲ್ಲ, ತಾನಾಗಿ ಹೋಗಿ ಸತ್ತ ಎಂದರು. ಮಾರ್ಥಾಬಾಯಿಯ ಕಿವಿಗೆ ಅದು ಬಿತ್ತು. ಆದರೆ ಜೊತೆಗೆ ಕೆಲಸ ಮಾಡುವವನೊಬ್ಬ ಬಂದು ಬೇರೆಯದನ್ನು ಹೇಳಿ ಹೋಗಿದ್ದ: ಶನಿವಾರ ಯೋಸೇಫನೇ ನಿಂತು ಜಾಳಿ ಬಿಚ್ಚಿಸಿದ, ಪ್ರಕಾಶ ಬೇಡ ಎಂದಿದ್ದ. ಆಕೆ ಕಲೆಕ್ಟರ್ ಕಚೇರಿಗೆ ಅರ್ಜಿ ಕೊಡುತ್ತೇನೆಂದು ನಿಂತಳು. ಸಭೆಯ ಹಿರಿಯರಿಗೆ ಗಾಬರಿಯಾಯಿತು. ನಮ್ಮ ಮನೆಯ ಮಾತು ನಮ್ಮ ಮನೆಯಲ್ಲೇ ಮುಗಿಯಬೇಕು ಎಂದರು. ನನ್ನನ್ನು ಕರೆಸಿದರು.

"ಅಕ್ಕಾರ, ನಿಮ್ಮ ಊರಾಕಿ. ನಿಮ್ಮ ಮಾತ ಕೇಳ್ತಾಳ. ಈ ರವಿವಾರ ಕರ್ತನ ಭೋಜನ ಐತಿ. ಸಮಾಧಾನ ಮಾಡಿ ಕರಕೊಂಡ ಬರ್ರಿ."

ಹೋದೆ. ಆಕೆ ಹೊಸ್ತಿಲ ಒಳಗೆ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು. ಒಲೆ ಹಚ್ಚಿದ ಗುರುತಿರಲಿಲ್ಲ. ನನ್ನ ಜೊತೆ ಆಕೆ ಯಾವಾಗಲೂ ಮಾತಾಡುವುದು ಮರಾಠಿಯಲ್ಲೇ. ಆವತ್ತು ಹೇಳಿದ್ದನ್ನು ನಾನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ, ಈ ಸಲ ಸೋಸುವುದಿಲ್ಲ.

"ಅಕ್ಕಾ, ನನ್ನ ಮಗಾ ಅಂಜಬುರುಕ. ಸಣ್ಣಾಂವ ಇದ್ದಾಗ ಬಾವಿ ಬಗ್ಗಿ ನೋಡ್ತಿರಲಿಲ್ಲ. ಗ್ಯಾಸ್ ಹಚ್ಚಾಕ ನನ್ನ ಕರೀತಿದ್ದ. ಅಂವ ಜಾಳಿ ಬಿಚ್ಚಿದಾ ಅಂದ್ರ ನಾ ಹೆಂಗ ನಂಬ್ಲಿ? ಯೋಸೇಫ ಎಲ್ಲಾರ ಮುಂದ ನಿಂತು ಒಂದಽ ಮಾತ ಹೇಳಲಿ. ಪ್ರಕಾಶ ಬಿಚ್ಚಿಲ್ಲ, ನಾ ಬಿಚ್ಚಿಸೀನಿ ಅಂತ. ಮುಂದ ಅಂವಗ ಜೇಲ್ ಆಗಲಿ ಬಿಡಲಿ, ನನಗ ಬ್ಯಾಡ."

ಇಷ್ಟೇ ಆಕೆಗೆ ಬೇಕಾಗಿದ್ದುದು. ಸತ್ತ ಮಗನ ಮೇಲೆ ಹೊರಿಸಿದ ತಪ್ಪನ್ನು ಹೊರಿಸಿದವನೇ ಇಳಿಸಬೇಕು. ನಾನು ಬೆಳಗಾವಿಗೆ ಮರಳಿ ಹಿರಿಯರಿಗೆ ಏನು ಹೇಳಿದೆ? "ಬರ್ತಾಳ. ಆಕಿಗೆ ಯಾರ ಮ್ಯಾಲೂ ಸಿಟ್ಟಿಲ್ಲ, ಜೇಲ್ ಆಗಬೇಕಂತನೂ ಇಲ್ಲ." ಚಹಾ ಹೋಯಿತು, ಚರಟ ನನ್ನ ಹತ್ತಿರ ಉಳಿಯಿತು.

ಯೋಸೇಫ ಆ ಮಾತು ಹೇಳುತ್ತಾನೆಂದು ನಂಬಿ ರವಿವಾರ ಬಂದಳು. ಪ್ರಸಂಗ ಮುಗಿದ ಮೇಲೆ ಪಾಸ್ಟರ್ ಇಬ್ಬರನ್ನೂ ಮುಂದೆ ಕರೆದರು. ಮಾರ್ಥಾಬಾಯಿ ಬಿಳಿ ಸೀರೆಯಲ್ಲಿ, ಯೋಸೇಫ ಇಸ್ತ್ರಿ ಅಂಗಿಯಲ್ಲಿ. ಅವನ ತಲೆ ಎದೆಗೆ ತಾಗುವಂತೆ ಬಾಗಿತ್ತು. ನಾನು ಮರಾಠಿ ಬಲ್ಲವಳೆಂದು ಆಕೆಯ ಪಕ್ಕ ನಿಂತೆ.

"ತಾಯಿ, ನಿಮ್ಮ ಮನಸ್ಸಿನ್ಯಾಗ ಏನೈತಿ ಹೇಳ್ರಿ," ಎಂದರು ಪಾಸ್ಟರ್. ಅವರು ಗದಗ ಕಡೆಯವರು, ಮರಾಠಿ ತಿಳಿಯುವುದಿಲ್ಲ.

ಆಕೆ ಯೋಸೇಫನನ್ನು ನೋಡಿ ಹೇಳಿದಳು. "ಮಲಾ ಸಮಾಧಾನ ಪಾಯಜೆ. ದುಸರಂ ಕಾಯ ನಕೋ."

ನನಗೆ ಸಮಾಧಾನ ಬೇಕು, ಬೇರೇನೂ ಬೇಡ.

ಸಭೆಯ ತುಂಬ "ಆಮೆನ್" ಎದ್ದಿತು. ಹೆಂಗಸರು ಮೂಗು ಒರೆಸಿಕೊಂಡರು. ಯಾರೂ ಅನುವಾದ ಕೇಳಲಿಲ್ಲ. ಸಮಾಧಾನ ಎಂಬ ಮಾತು ಯಾರಿಗೆ ತಿಳಿಯುವುದಿಲ್ಲ? ನಮ್ಮ ಕನ್ನಡ ಸಭೆಯಲ್ಲಿ ಅದೇ ನಮಸ್ಕಾರ, ಅದೇ ಆಶೀರ್ವಾದ. ಜಗಳ ಮುಗಿದರೆ ಸಮಾಧಾನ, ಕೈ ಹಿಡಿದರೆ ಸಮಾಧಾನ. ಮಗನನ್ನು ಕಳೆದುಕೊಂಡ ತಾಯಿ, ಆ ಸಾವಿಗೆ ತಾನೇ ದೂರಿದವನ ಎದುರು ನಿಂತು ಸಮಾಧಾನ ಬೇಕು ಎನ್ನುತ್ತಾಳೆಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಏನು?

ಆದರೆ ಮರಾಠಿ ಕ್ರೈಸ್ತರು ಗುಡಿಯೊಳಗೆ, ಅಂದರೆ ತಮ್ಮ ಚರ್ಚಿನಲ್ಲಿ, ಅದಕ್ಕೆ ಶಾಂತಿ ಎನ್ನುತ್ತಾರೆ. ಸಮಾಧಾನ ಎಂದರೆ ಅವರಲ್ಲಿ ಮನಸ್ಸಿಗೆ ಒಪ್ಪಿಗೆಯಾಗುವುದು. ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಕ್ಕು, ಹೌದು ಸರಿ ಎನ್ನಿಸುವುದು. ನಮ್ಮ ಕನ್ನಡದಲ್ಲೂ ಅಂಗಡಿಯಲ್ಲಿ ಸೀರೆ ನೋಡಿ "ಸಮಾಧಾನ ಆಗಲಿಲ್ಲ" ಎನ್ನುತ್ತೇವಲ್ಲ, ಆ ಅರ್ಥ. ಗುಡಿಯ ಮೆಟ್ಟಿಲು ಹತ್ತಿದ ಕೂಡಲೇ ನಮಗೆ ಆ ಅರ್ಥ ಮರೆಯುತ್ತದೆ. ಮಾರ್ಥಾಬಾಯಿ ಕೇಳಿದ್ದು, ನನಗೆ ಉತ್ತರ ಬೇಕು ಎಂದು. ಸಭೆ ಕೇಳಿಸಿಕೊಂಡದ್ದು, ನಾನು ಕ್ಷಮಿಸಿದ್ದೇನೆ ಎಂದು. ಇಡೀ ಸಭೆಯಲ್ಲಿ ಆ ವ್ಯತ್ಯಾಸ ಗೊತ್ತಿದ್ದವಳು ನಾನೊಬ್ಬಳೇ. ಆ ಕ್ಷಣದಲ್ಲೇ ಗೊತ್ತಾಗಿತ್ತು. ಆಮೇಲೆ ಹೊಳೆದದ್ದು ಎಂದು ನಿಮ್ಮ ಮುಂದೆ ನಾಟಕ ಮಾಡುವುದಿಲ್ಲ.

ಪಾಸ್ಟರ್ ಯೋಸೇಫನ ಕೈ ಹಿಡಿದು ಆಕೆಯ ಕಡೆ ಚಾಚಿದರು. ಆಕೆ ತನ್ನ ಕೈ ಕೊಡಲಿಲ್ಲ. ನನ್ನನ್ನು ನೋಡಿದಳು. ಇವರೇಕೆ ಕೈ ಚಾಚುತ್ತಿದ್ದಾರೆ, ಮಾತು ಎಲ್ಲಿ ಎಂದು ಆ ಕಣ್ಣು ಕೇಳುತ್ತಿತ್ತು. ಸಭೆ ಕಾಯುತ್ತಿತ್ತು. ಮೂವತ್ತು ವರ್ಷದಲ್ಲಿ ನಾನು ಕೂಡಿಸಲು ಹೋದ ಒಂದು ಜೋಡಿಯೂ ಕೂಡದೆ ಹೋಗಿರಲಿಲ್ಲ. ನಾನು ಆಕೆಯ ಕಿವಿಯಲ್ಲಿ ಮರಾಠಿಯಲ್ಲಿ ಹೇಳಿದೆ. "ಹಾತ ದೇ. ತೋ ನಂತರ ಬೋಲೇಲ."

ಕೈ ಕೊಡು, ಅವನು ಆಮೇಲೆ ಹೇಳುತ್ತಾನೆ.

ಕೊಟ್ಟಳು. ಪಾತ್ರೆ ಬಂತು, ಕುಡಿದಳು. ಯೋಸೇಫ ಕುಡಿದ. ನಾನೂ ಕುಡಿದೆ. ಅವನು ಆಮೇಲೆ ಹೇಳಲಿಲ್ಲ.

ಸಭೆಯ ದಫ್ತರದಲ್ಲಿ ಸಮಾಧಾನವಾಯಿತು ಎಂದು ಬರೆದರು. ಅದರದೊಂದು ಪ್ರತಿ ಕಾರ್ಖಾನೆಗೂ ಹೋಯಿತು. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ, ನಾಲ್ಕನೆಯ ಇಯತ್ತೆಯ ಗುಂಡು ಅಕ್ಷರದಲ್ಲಿ. ಗುಡಿಯಲ್ಲಿ ಕೈ ಹಿಡಿದ ಮೇಲೆ ಕಚೇರಿಯ ಮೆಟ್ಟಿಲು ಹತ್ತುವುದು ಕ್ರೈಸ್ತರಿಗೆ ಸಲ್ಲದು ಎಂದು ಹಿರಿಯರು ಮಾರ್ಥಾಬಾಯಿಗೆ ಹೇಳಿಕಳಿಸಿದರು. ಆಕೆ ಅರ್ಜಿ ಕೊಡಲಿಲ್ಲ, ಮುಂದಿನ ತಿಂಗಳು ಗುಡಿಗೂ ಬರಲಿಲ್ಲ. "ದುಃಖ ಐತಿ, ಬರ್ತಾಳ ತಗೋರಿ" ಎಂದೆ ನಾನು. ನಾಲ್ಕು ವರ್ಷ ಹಾಗೇ ಅಂದೆ. ಈ ನಾಲ್ಕು ವರ್ಷದಲ್ಲಿ ತವರೂರಿಗೆ ಹೋದಾಗ ಸ್ಟೇಶನ್ನಿನ ಕಡೆಯ ದಾರಿ ಬಿಟ್ಟು ಸುತ್ತುಬಳಸಿ ನಡೆದದ್ದು ಆ ದಾರಿ ಕೆಟ್ಟಿತ್ತೆಂದಲ್ಲ.

ಬಸ್ಸು ಖಾನಾಪುರದಲ್ಲಿ ನಿಂತಿತು. ಬೆರಳಿಲ್ಲದ ಮನುಷ್ಯ ಎಡಗೈಯಿಂದ ನನ್ನ ಚೀಲ ಇಳಿಸಿಕೊಟ್ಟು ಹೋದ. ಅವನದೂ ಪ್ರಕಾಶ ಸತ್ತ ಕಾರ್ಖಾನೆಯೇ. ಪ್ರಕಾಶನ ನಂತರ ಅಲ್ಲಿನ ಪ್ರೆಸ್ಸಿಗೆ ಜಾಳಿ ಮತ್ತೆ ಬೀಳಲಿಲ್ಲ. ಹೇಗೆ ಬಿದ್ದೀತು? ತಪ್ಪು ಹುಡುಗನದು, ತಾಯಿಯೇ ಸಮಾಧಾನವಾದಳು, ಕಾಗದ ಇದೆ. ಆ ಕಾಗದದ ಮೇಲೆ ನಾನಿದ್ದೇನೆ. ಸುಣ್ಣದ ಗೋಡೆಯ ಅಕ್ಕತಂಗಿಯರ ಮನೆಗೆ ನಾನು ಹೋಗಲಿಲ್ಲ. ಸ್ಟೇಶನ್ನಿನ ಕಡೆ ನಡೆದೆ.

ಮಾರ್ಥಾಬಾಯಿ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಕೊಡಲಿ ಕೆಳಗಿಟ್ಟಳು, ಕೂತುಕೋ ಎನ್ನಲಿಲ್ಲ. ನಾನು ನಿಂತೇ ಹೇಳಿದೆ. ನೀನು ಕೇಳಿದ್ದು ಒಂದು, ಅವರು ತಿಳಿದದ್ದು ಇನ್ನೊಂದು, ನನಗೆ ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎಂದು.

ಆಕೆ ಮೊದಲ ಸಲ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದಳು.

"ನನಗ ಕನ್ನಡ ತಿಳೀತೈತಿ ಅಕ್ಕಾ. ಹಂಚಿನ ಕಾರ್ಖಾನ್ಯಾಗ ಎಲ್ಲಾ ಕನ್ನಡದವರಽ. ಮಗನ ಸುದ್ದಿ ಮಾತ್ರ ನನ್ನ ಬಾಯಾಗ ಬ್ಯಾರೆ ಭಾಷಾದಾಗ ಬರೂದಿಲ್ಲ. ಅವರೆಲ್ಲ ಆಮೆನ್ ಅಂದಾಗಽ ನನಗ ತಿಳೀತು, ತಪ್ಪ ತಿಳಕೊಂಡಾರಂತ."

"ಹಂಗಾರ ಕೈ ಯಾಕ ಕೊಟ್ಟಿ?"

"ನೀ ಹೇಳಿದ್ದಿಯಲ್ಲ, ಅಂವ ಆಮ್ಯಾಲೆ ಹೇಳ್ತಾನಂತ. ನೀ ನಮ್ಮ ಊರಿನ ಮಗಳು. ನೀ ಸುಳ್ಳ ಹೇಳ್ತಿ ಅಂತ ಅನ್ನಿಸಲಿಲ್ಲ." ಆಕೆಯೇ ಕೇಳಿದಳು. "ಹೇಳಿದ್ನೇನು?"

"ಇಲ್ಲ."

"ಕೇಳಿದ್ಯೇನು?"

"ಇಲ್ಲ."

"ಮತ್ತ ಈಗ ಯಾಕ ಬಂದಿ? ನಾ ನಿನ್ನ ಕ್ಷಮಾ ಮಾಡ್ಲಿ ಅಂತೇನು?"

ಹೌದು, ಅದಕ್ಕೇ ಹೋಗಿದ್ದೆ. ಕೇಳುವವರೆಗೆ ನನಗೂ ಗೊತ್ತಿರಲಿಲ್ಲ. ಬಸ್ಸಿನ ಮನುಷ್ಯನ ಕೈ ನೋಡಿದ ಹೆದರಿಕೆಗೆ, ನನ್ನ ಹೊಟ್ಟೆ ತಣ್ಣಗಾಗಲಿ ಎಂದು, ಮತ್ತೆ ಆಕೆಯಿಂದಲೇ ಕಿತ್ತುಕೊಳ್ಳಲು ಹೋಗಿದ್ದೆ. ಬಸ್ಸಿನಲ್ಲಿ ಕಂಡದ್ದನ್ನು ಹೇಳಿದೆ. ಆಕೆ ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು, ಮತ್ತೆ ಕೊಡಲಿ ಎತ್ತಿಕೊಂಡಳು.

"ನನಗ ಹೇಳಬ್ಯಾಡ. ಆಮೆನ್ ಅಂದವರಿಗೆ ಹೋಗಿ ಹೇಳು."

ಜೂನ್ ತಿಂಗಳ ಮೊದಲ ರವಿವಾರ ಹೇಳಿದೆ. ಪಾಸ್ಟರ್ "ಯಾರಿಗಾದರೂ ಯಾರ ಮ್ಯಾಲಾದರೂ" ಎಂದು ವಾಡಿಕೆಯಂತೆ ಕೇಳುತ್ತಿದ್ದಾಗ ಎದ್ದು ನಿಂತೆ. ಆಕೆ ಆವತ್ತು ಹೇಳಿದ ಮರಾಠಿ ಮಾತನ್ನೂ ಅದರ ಅರ್ಥವನ್ನೂ ಹೇಳಿದೆ. ನಾನು ಕಿವಿಯಲ್ಲಿ ಹೇಳಿದ್ದನ್ನೂ ಹೇಳಿದೆ. ನನ್ನ ಸಹಿ ಸುಳ್ಳು ಎಂದೆ. ಯೋಸೇಫನ ಕಡೆ ತಿರುಗಿ, "ಆಕಿ ಇನ್ನೂ ಕಾಯಾಕತ್ತಾಳ. ಜಾಳಿ ಯಾರ ಬಿಚ್ಚಿದ್ರು ಹೇಳು" ಎಂದೆ. ಬೆಂಚು ಹಿಡಿದುಕೊಂಡೇ ನಿಂತಿದ್ದೆ. ಅವನು ಕಾಣಿಕೆಯ ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದ. ಪಾಸ್ಟರ್, "ಅಕ್ಕಾರ ವಯಸ್ಸಾಗೇತಿ, ಕುಂದರ್ರಿ" ಎಂದು ಹಾಡು ಶುರು ಮಾಡಿಸಿದರು.

ಆ ವಾರವೇ ಹಿರಿಯರು ಮೂವರು ನನ್ನ ಅಡುಗೆಮನೆಗೆ ಬಂದರು. ಅವರು ಕುಳಿತ ರೀತಿ ನೋಡಿ ನನಗೆ ನಗು ಬಂತು. ಒಬ್ಬ ಕುಂದಾದ ಡಬ್ಬಿ ತಂದಿದ್ದ.

"ಅಕ್ಕಾರ, ಯೋಸೇಫನ ಮ್ಯಾಲೆ ನಿಮಗೇನರ ಸಿಟ್ಟೈತೇನ್ರಿ? ಅಂವ ಏನೂ ಅಂದಿಲ್ಲ, ನಿಮ್ಮ ಬಗ್ಗೆ ಭಾಳ ಛಲೋ ಮಾತಾಡ್ತಾನ."

"ಏನ ಮಾತಾಡ್ದ?"

"ಹಂಗಲ್ಲರಿ... ನಿಮ್ಮನ್ನ ಭಾಳ ನೆನಸ್ತಾನ."

"ಯಾವ ನಮೂನಿ ನೆನಸ್ತಾನಂತ ನನಗ ಗೊತ್ತೈತಿ ತಗೋ," ಎಂದೆ. "ಇದನ್ನ ನಿಮಗ ಕಲಿಸಿದಾಕಿನಽ ನಾನು."

ಹಳೆಯದನ್ನು ಯಾಕೆ ಕೆದಕುತ್ತೀರಿ, ಸಭೆ ಒಡೆಯುತ್ತದೆ, ಸಮಾಧಾನದ ದೇವರಲ್ಲವೇ ನಮ್ಮವನು ಎಂದರು. ನಾನು ಹೆಚ್ಚು ಓದಿದವಳಲ್ಲ, ಗ್ರಂಥವನ್ನು ಕೇಳಿ ಕೇಳಿ ತಿಳಿದವಳು. ಯೇಸುಸ್ವಾಮಿ ಸತ್ತು ಎದ್ದ ಮೇಲೆ, ಬಾಗಿಲು ಹಾಕಿಕೊಂಡು ಕುಳಿತಿದ್ದ ಶಿಷ್ಯರ ನಡುವೆ ನಿಂತು ಸಮಾಧಾನ ಎಂದ. ಎಂದವನು ಸುಮ್ಮನಾಗಲಿಲ್ಲ, ಕೈ ತೋರಿಸಿದ. ಮೊಳೆ ಹೊಡೆದ ತೂತು ನೋಡಿ ಎಂದ. "ನೀವು ಕೈ ಹಿಡಸ್ತೀರಿ, ತೂತ ನೋಡಗೊಡೂದಿಲ್ಲ," ಎಂದೆ. "ನಾನೂ ಅದನ್ನಽ ಮಾಡೀನಿ. ಚಹಾ ಕುಡದ ಹೋಗ್ರಿ." ಕುಡಿದು ಹೋದರು.

ನಾಲ್ಕು ದಿನಕ್ಕೆ ಯೋಸೇಫ ತಾನೇ ಬಂದ. ಒಬ್ಬನೇ. ಒಳಗೆ ಬಾ ಎಂದರೂ ಬರಲಿಲ್ಲ, ಬಾಗಿಲಲ್ಲೇ ನಿಂತ. ಅವನ ಮೈಯಿಂದಲೂ ಅದೇ ಕಬ್ಬಿಣದ ಬೆವರು.

"ಅಕ್ಕಾರ, ಶನಿವಾರ ಆರ್ಡರ್ ತಡಾ ಆಗಿತ್ತು. ಬಿಚ್ಚಂದೆ. ಅಂವ ಬ್ಯಾಡ ಕಾಕಾ ಅಂದ. ನಾನಽ ನಟ್ಟಿಗೆ ಪಾನಾ ಹಾಕಿ ಬಿಚ್ಚಿದ್ನಿ." ಆಮೇಲೆ ಕೇಳಿಕೊಂಡ. "ನೀವು ಹೋಗಿ ಆಕಿಗೆ ಹೇಳ್ರಿ. ನಿಮಗ ಹೇಳಾಕ ಬರತೈತಿ."

ಮೊದಲಿನ ನಾನಾಗಿದ್ದರೆ ಅದೇ ಕ್ಷಣ ಚಪ್ಪಲಿ ಮೆಟ್ಟಿ ಖಾನಾಪುರದ ಬಸ್ಸು ಹತ್ತುತ್ತಿದ್ದೆ. ಅವನ ಮಾತಿಗೆ ಎರಡು ಕಣ್ಣೀರು ಸೇರಿಸಿ ಒಯ್ಯುತ್ತಿದ್ದೆ. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಈ ಮಾತ ನಂದಲ್ಲ. ನನ್ನ ಕೈಯಾಗ ಕೊಡಬ್ಯಾಡ," ಎಂದೆ. "ಸ್ಟೇಶನ್ ಹಿಂದಿನ ಓಣಿ. ಯಾರನ್ನ ಕೇಳಿದ್ರೂ ಮನಿ ತೋರಸ್ತಾರ."

"ಕೆಲಸಾ ಹೋಗತೈತ್ರಿ ಅಕ್ಕಾರ. ಕೇಸ್ ಆಗತೈತಿ. ಎರಡ ಹೆಣ್ಣ ಮಕ್ಕಳ ಮದುವಿ ಐತಿ."

ಆಗುತ್ತದೆ, ಅದೆಲ್ಲ ಆಗುತ್ತದೆ. ಆಗುವುದಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವನು ಹೋದ. ಅವನ ಮೇಲೆ ನನಗೆ ಕನಿಕರವೂ ಬಂತು. ಬಂದರೆ ಬರಲಿ, ಅದನ್ನೂ ಆಕೆಯ ಹತ್ತಿರ ಒಯ್ಯುವುದಿಲ್ಲ.

ಈಗ ನನ್ನನ್ನು ಯಾರೂ ಸಮಾಧಾನಕ್ಕೆ ಕರೆಯುವುದಿಲ್ಲ. ಖಾನಾಪುರದ ಅಕ್ಕತಂಗಿಯರ ಗೋಡೆಗೆ ಸುಣ್ಣ ಬಿದ್ದಿಲ್ಲವಂತೆ. ಸ್ತ್ರೀಯರ ಕೂಟದಲ್ಲಿ ನನ್ನ ಬೆಂಚಿನಲ್ಲಿ ಜಾಗ ಖಾಲಿ ಉಳಿಯುತ್ತದೆ, ಕಾಲು ಚಾಚಲು ಅನುಕೂಲ. ಆಗಸ್ಟಿನ ಮೊದಲ ರವಿವಾರ ಆ ಖಾಲಿ ಜಾಗಕ್ಕೆ ಮಾರ್ಥಾಬಾಯಿ ಬಂದು ಕುಳಿತಳು. ನಾನು ಕರೆದಿರಲಿಲ್ಲ. ನಾಲ್ಕು ವರ್ಷದ ಮೇಲೆ ಅವಳನ್ನು ಕಂಡು ಸಭೆ ಒಮ್ಮೆ ಹಿಂದೆ ತಿರುಗಿ, ಮತ್ತೆ ಮುಂದೆ ತಿರುಗಿತು.

ರೊಟ್ಟಿ ಬಂತು, ಪಾತ್ರೆ ಬಂತು. ನಮ್ಮ ಹತ್ತಿರ ಬಂದಾಗ ಆಕೆ ಮುಟ್ಟಲಿಲ್ಲ, ನಾನೂ ಮುಟ್ಟದೆ ಮುಂದೆ ದಾಟಿಸಿದೆ. ಅದು ಯೋಸೇಫನ ಸಾಲಿಗೆ ಹೋಯಿತು. ಅವನು ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದ. ಬಾಯಿಯ ಹತ್ತಿರ ಒಯ್ದ. ಕುಡಿಯದೆ ಪಕ್ಕದವನಿಗೆ ಕೊಟ್ಟ.

ಮಾರ್ಥಾಬಾಯಿ ನೋಡುತ್ತಿದ್ದಳು. ಕಡೆಯ ಹಾಡು ಮುಗಿಯುವವರೆಗೂ ಅವನ ಬೆನ್ನಿನಿಂದ ಕಣ್ಣು ತೆಗೆಯಲಿಲ್ಲ. ಅವನು ಏಳಲಿಲ್ಲ, ಹೇಳಲೂ ಇಲ್ಲ. ಜನ ಹೊರಗೆ ಹೋದರು. ನಾನು ಬಾಯಿ ತೆರೆದೆ. ಅವನ ಮನಸ್ಸು ತಿರುಗಿದೆ, ಇನ್ನೇನು ಹೇಳುತ್ತಾನೆ, ಸಮಾಧಾನ ಮಾಡಿಕೋ ಎನ್ನಲು. ಮುಚ್ಚಿಕೊಂಡೆ.

"ಕುಡೀಲಿಲ್ಲ," ಎಂದಳು ಆಕೆ.

"ಹೂಂ."

"ಹೇಳಲೂ ಇಲ್ಲ."

"ಇಲ್ಲ."

ಆಕೆ ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮುಂದಿನ ತಿಂಗಳು ಬರ್ತೀನಿ," ಎಂದಳು. "ಜಾಗಾ ಹಿಡದಿಡು."